ಒಪ್ಪುವವರು ಒಬ್ಬರು, ಓದುವವರು ಇನ್ನೊಬ್ಬರು

ಇದು ಈ ವಾರದ ವಿಡಿಯೊ ಮಾತಿನ ಬರಹರೂಪ. ಮಾತಾಡುವಾಗ ಇಸವಿ, ಹೆಸರು ಎಲ್ಲ ಗಡಿಬಿಡಿಯಲ್ಲಿ ಓಡಿಬಿಡ್ತವೆ. ಅದಕ್ಕೆ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೀನಿ.

ಇವತ್ತಿನ ವಿಷಯ ಕೇಳೋಕೆ ಒಣ ಅನ್ನಿಸಬಹುದು: ತಾಂತ್ರಿಕ ದಾಖಲೆ ಬರೆಯುವ ಮೊದಲು ಅದನ್ನ ಓದುವವರು ಯಾರು ಅಂತ ತಿಳಿದುಕೊಳ್ಳೋದು. ಯೂಸರ್ ಗೈಡ್, ರನ್‌ಬುಕ್, ಇನ್‌ಸ್ಟಾಲೇಷನ್ ನೋಟ್, ಕೊನೆಗೆ ರಜಾ ಮೇಲೆ ಹೋಗುವಾಗ ಪಕ್ಕದವನಿಗೆ ಬರೆದುಕೊಡುವ ಹ್ಯಾಂಡೋವರ್ ಮೇಲ್ ಕೂಡ ಇದರಲ್ಲಿ ಸೇರ್ತದೆ. ನಮ್ಮಲ್ಲಿ ಬಹಳ ಜನ ದಿನಾ ಇದನ್ನೇ ಬರೀತೀವಿ. ಆದರೆ ಇದಕ್ಕೊಂದು ಇತಿಹಾಸ ಇದೆ, ಆ ಇತಿಹಾಸದ ಒಂದು ದೊಡ್ಡ ಅಧ್ಯಾಯ ನಾವಿರುವ ಹೈದರಾಬಾದಿನಲ್ಲೇ ನಡೆದಿದೆ, ಅದರಲ್ಲಿ ನಮ್ಮ ಕಡೆಯ ಕನ್ನಡದ ಹುಡುಗರೂ ಇದ್ದರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಅಮೀರ್‌ಪೇಟ್‌ನಿಂದಲೇ ಶುರು ಮಾಡೋಣ.

ಡೆಮೊ ಕ್ಲಾಸ್

ನಾನು ರಾಯಚೂರಿನಿಂದ ಇಲ್ಲಿಗೆ ಬಂದಿದ್ದು 2006ರಲ್ಲಿ. ಎಸ್.ಆರ್. ನಗರದ ಹಾಸ್ಟೆಲಿನಲ್ಲಿ ಒಂದು ರೂಮಿಗೆ ಐದು ಮಂಚ. ಬೆಳಿಗ್ಗೆ ಏಳಕ್ಕೆ ಕ್ಲಾಸು. ಮೈತ್ರಿವನಂ ಮುಂದೆ ನಿಂತು ತಲೆ ಎತ್ತಿದರೆ ಆಕಾಶಕ್ಕಿಂತ ಬ್ಯಾನರೇ ಜಾಸ್ತಿ ಕಾಣ್ತಿತ್ತು: ಜಾವಾ, ಒರಾಕಲ್, ಸ್ಯಾಪ್, ಟೆಸ್ಟಿಂಗ್ ಟೂಲ್ಸ್, ಡಾಟ್‌ನೆಟ್. 1990ರ ದಶಕದ ಕೊನೆಗೆ ವೈಟುಕೆ ಅಂತ ಕೋಬಾಲ್ ಕಲಿಸೋಕೆ ಶುರುವಾದ ಪೇಟೆ ಇದು. 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಇನ್ನೂ ಬೆಳೀತು. ಆದಿತ್ಯ ಎನ್‌ಕ್ಲೇವ್‌ನ ಬ್ಲಾಕುಗಳಲ್ಲಿ ಮಹಡಿ ಮಹಡಿಗೂ ಒಂದೊಂದು ಕೋರ್ಸು, ಕೆಳಗೆ ಸಾಲಾಗಿ ಜೆರಾಕ್ಸ್ ಅಂಗಡಿ.

ಅಮೀರ್‌ಪೇಟ್‌ನಲ್ಲಿ ಓದಿದವರಿಗೆ ಡೆಮೊ ಕ್ಲಾಸ್ ಗೊತ್ತಿರುತ್ತೆ. ಮೊದಲ ಒಂದೆರಡು ದಿನ ಫೀಸಿಲ್ಲ, ಕೂತು ಕೇಳಬಹುದು, ಹಿಡಿಸಿದರೆ ದುಡ್ಡು ಕಟ್ಟಬಹುದು. ನಮ್ಮ ಸರ್ ಅವತ್ತು ಬೋರ್ಡಿನ ಮೇಲೆ ಏನೂ ಬರೀಲಿಲ್ಲ. ಮೊದಲು ಕೇಳಿದ್ದು ಇಷ್ಟು: ಸಿಎಸ್ ಯಾರು, ಮೆಕ್ಯಾನಿಕಲ್ ಯಾರು, ಎಂಸಿಎ ಯಾರು? ಓದು ಮುಗಿಸಿ ಎರಡು ವರ್ಷ ಸುಮ್ಮನೆ ಕೂತವರು ಯಾರು? ತೆಲುಗು ಬರದವರು ಯಾರು? ಕೈ ಎತ್ತಿದವರನ್ನ ಎಣಿಸಿಕೊಂಡು ಆಮೇಲೆ ಪಾಠ ಶುರು ಮಾಡಿದರು. ತೆಲುಗು ಬರದ ನಾವು ಏಳೆಂಟು ಜನ ಇದ್ವಿ. ನಮಗೋಸ್ಕರ ಪಾಠ ಇಂಗ್ಲಿಷಿನಲ್ಲಿ, ಜೋಕು ಮಾತ್ರ ತೆಲುಗಿನಲ್ಲಿ. ಮೆಕ್ಯಾನಿಕಲ್‌ನವರು ಜಾಸ್ತಿ ಇದ್ದರು ಅಂತ ಡೇಟಾಬೇಸನ್ನ ಗೋದಾಮಿನ ಸ್ಟಾಕ್ ರಿಜಿಸ್ಟರಿನಿಂದ ವಿವರಿಸಿದರು.

ಓದುಗರ ವಿಶ್ಲೇಷಣೆ ಅಂತ ಪುಸ್ತಕಗಳು ಹೇಳೋದು ಇದನ್ನೇ. ನಮ್ಮ ಸರ್ ಆ ಪದ ಕೇಳಿರಲಿಕ್ಕಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ ಅಷ್ಟೆ. ಕೂತವರಿಗೆ ಅರ್ಥ ಆಗದಿದ್ದರೆ ಮಾರನೇ ದಿನ ಬೆಂಚು ಖಾಲಿ.

ನನ್ನ ತೊಂಬತ್ತಾರು ಪುಟ

ಅಲ್ಲಿ ಕಲಿತದ್ದನ್ನ ಕೆಲಸಕ್ಕೆ ಸೇರಿದ ಮೇಲೆ ನಾನು ಪೂರ್ತಿ ಮರೆತೆ. ಇದನ್ನ ಹೇಳೋಕೆ ನಾಚಿಕೆ ಇದೆ, ಆದರೂ ಹೇಳ್ತೀನಿ.

2011ರ ಸುಮಾರಿಗೆ ಒಂದು ಕಂಪನಿಯಲ್ಲಿ ಔಷಧಿ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಗೈಡ್ ಬರೆದೆ. ತೊಂಬತ್ತಾರು ಪುಟ, ಒಳ್ಳೇ ಇಂಗ್ಲಿಷು. ಮೊದಲ ಅಧ್ಯಾಯ ಸಿಸ್ಟಮ್‌ನ ರಚನೆ, ಎರಡನೆಯದು ಮಾಡ್ಯೂಲುಗಳು. ಆರ್ಕಿಟೆಕ್ಟ್ ಓದಿದರು, ಇಬ್ಬರು ಮ್ಯಾನೇಜರುಗಳು ಓದಿದರು, ಗಿರಾಕಿ ಕಂಪನಿಯ ಹೆಡ್ ಆಫೀಸಿನವರು ಓದಿದರು. ಎಲ್ಲರೂ ಸಹಿ ಹಾಕಿದರು. ನನಗೆ ಶಭಾಷ್ ಅಂತ ಮೇಲೂ ಬಂತು.

ನಾಲ್ಕು ತಿಂಗಳ ನಂತರ ನಮ್ಮ ಕಡೆಯದೇ ಒಂದು ಊರಿನ ಆಸ್ಪತ್ರೆಗೆ ಹೋಗಬೇಕಾಯ್ತು. ಅಲ್ಲಿಯ ಔಷಧಿ ಕೌಂಟರಿನಲ್ಲಿ ಪಿಯುಸಿ ಮುಗಿಸಿದ ಒಬ್ಬಳು ಹುಡುಗಿ ಕೂರ್ತಿದ್ದಳು. ಒಂದು ಸಂಜೆ ಲೈನ್ ಕಟ್ಟಾಗಿತ್ತು. ಅವಳು ನನ್ನ ಗೈಡ್ ತೆಗೆದು ನೋಡಿದಳು. ಲೋಕಲ್ ಕಾಪಿ ಡಿಸ್ಕಾರ್ಡ್ ಮಾಡಿ ಮತ್ತೆ ಸಿಂಕ್ ಮಾಡಿ ಅಂತ ಅದರಲ್ಲಿತ್ತು. ಬಿಲ್ಲುಗಳು ಆಗಲೇ ಸರ್ವರಿಗೆ ಹೋಗಿದ್ದರೆ ಮಾತ್ರ ಹಾಗೆ ಮಾಡಬೇಕು ಅನ್ನೋದು ಮುಂದಿನ ಪುಟದಲ್ಲಿತ್ತು. ಅವಳ ಹಿಂದೆ ಕ್ಯೂ ನಿಂತಿತ್ತು, ಪುಟ ತಿರುವೋ ಹೊತ್ತಲ್ಲ ಅದು. ಬಟನ್ ಒತ್ತಿದಳು. ಇಡೀ ದಿನದ ಬಿಲ್ಲು ಹೋಯ್ತು. ರಾತ್ರಿವರೆಗೂ ಕೂತು ಕಾರ್ಬನ್ ಕಾಪಿ ನೋಡಿ ಮತ್ತೆ ಹೊಡೆದಳಂತೆ. ತಾಳೆಯಾಗದೆ ಉಳಿದ ಹಣವನ್ನ ಅವಳ ಸಂಬಳದಲ್ಲಿ ಹಿಡಿದರು.

ನಾನು ಹೋದಾಗ ಅವಳು ಸಿಟ್ಟು ಮಾಡಲಿಲ್ಲ. ನನಗೇ ಓದೋಕೆ ಬರಲಿಲ್ಲ ಸರ್ ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತೆ. ನಾನು ಬರೆಯೋದು ತಪ್ಪಿದ್ದಕ್ಕೆ ಅವಳು ತನಗೆ ಓದು ಬರೋದಿಲ್ಲ ಅಂದುಕೊಂಡಿದ್ದಳು. ಆಮೇಲೆ ಕೀಬೋರ್ಡಿನ ಕೆಳಗಿಂದ ಒಂದು ಶಾಲೆ ನೋಟ್‌ಬುಕ್ ತೆಗೆದು ತೋರಿಸಿದಳು. ಕನ್ನಡದಲ್ಲಿ ಅವಳೇ ಬರೆದುಕೊಂಡ ಗೈಡು. ಅದರ ಶೀರ್ಷಿಕೆಗಳು ಹೀಗಿದ್ದವು: ಲೈಟ್ ಹೋದರೆ. ಪ್ರಿಂಟ್ ಬರದಿದ್ದರೆ. ಮಾತ್ರೆ ವಾಪಸ್ ತಂದರೆ. ಒಂದೊಂದರ ಕೆಳಗೆ ಮೂರೋ ನಾಲ್ಕೋ ಸಾಲು. ನನ್ನ ತೊಂಬತ್ತಾರು ಪುಟದಲ್ಲಿ ಲೈಟ್ ಹೋಗೋದೇ ಇಲ್ಲ!

ಅವತ್ತು ನನಗೆ ಹೊಳೆದದ್ದು ಇಷ್ಟು. ನನ್ನ ಗೈಡನ್ನ ಓದಿ ಸಹಿ ಹಾಕಿದ ನಾಲ್ವರಲ್ಲಿ ಒಬ್ಬರೂ ಅದನ್ನ ಬಳಸುವವರಲ್ಲ. ನಾನು ಬರೆದಿದ್ದು ಆ ನಾಲ್ವರಿಗೆ. ಒಪ್ಪುವವರು ಒಬ್ಬರು, ಓದುವವರು ಇನ್ನೊಬ್ಬರು. ಇವರಿಬ್ಬರು ಒಂದೇ ಅಂತ ತಿಳಿದಾಗಲೆಲ್ಲ ಯಾರೋ ಒಬ್ಬರು ಕೌಂಟರಿನ ಹಿಂದೆ ಕೂತು ದಂಡ ಕಟ್ಟುತ್ತಾರೆ.

ಇದು ನನ್ನೊಬ್ಬನ ತಪ್ಪಾ, ಹಳೇ ರೋಗವಾ ಅಂತ ಹುಡುಕೋಕೆ ಶುರು ಮಾಡಿದೆ. ಹುಡುಕ್ತಾ ಹೋದರೆ ನಮ್ಮ ನೆಲದಲ್ಲೇ ಎರಡು ಬಗೆಯ ಕಥೆ ಸಿಕ್ಕವು. ಮೊದಲು ಒಳ್ಳೇದನ್ನ ಹೇಳ್ತೀನಿ.

ಮಳಖೇಡದ ಲೆಕ್ಕ, ಜನಕ್ಕೊಂದು ಕೈಪಿಡಿ

ಸಿಕಂದರಾಬಾದಿನಿಂದ ವಾಡಿ ಕಡೆ ರೈಲಿನಲ್ಲಿ ಹೋದವರು ಮಳಖೇಡ ರೋಡ್ ಅನ್ನೋ ಸ್ಟೇಷನ್ ನೋಡಿರ್ತೀರಿ. ಕಲಬುರಗಿ ಜಿಲ್ಲೆಯ ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಸಂಸ್ಕೃತದಲ್ಲಿ ಬರೆದ, ವಿದ್ವಾಂಸರಿಗೆ ಬರೆದ. ಅದರಲ್ಲಿ ತಪ್ಪೇನೂ ಇಲ್ಲ, ಅವನ ಓದುಗರು ಅವರೇ.

ಒಂದೆರಡು ಶತಮಾನ ಕಳೆದ ಮೇಲೆ ಪಾವುಲೂರಿ ಮಲ್ಲನ ಅನ್ನುವವನು ಅದನ್ನ ತೆಲುಗಿಗೆ ತಂದ. ಪದಕ್ಕೆ ಪದ ಇಟ್ಟು ತರಲಿಲ್ಲ. ತನ್ನ ಓದುಗನಿಗೆ ಬೇಕಾದಷ್ಟು ಇಟ್ಟುಕೊಂಡ, ಕೆಲವನ್ನ ಕಡಿಮೆ ಮಾಡಿದ, ಕೆಲವನ್ನ ಬದಲಿಸಿದ. ಮೂಲ ದೊಡ್ಡದು, ಮಾನ್ಯವಾದದ್ದು, ಆದರೆ ನನ್ನೆದುರು ಕೂತವನು ಬೇರೆ ಅನ್ನೋ ಲೆಕ್ಕ ಅವನಿಗೆ ಗೊತ್ತಿತ್ತು.

ಇನ್ನು ಕನ್ನಡದ್ದೇ ಒಂದು. ಕಲ್ಯಾಣಿ ಚಾಲುಕ್ಯ ದೊರೆ ಜಯಸಿಂಹನ ಆಸ್ಥಾನದ ಚಾವುಂಡರಾಯ, ಇವನು ಶ್ರವಣಬೆಳಗೊಳದ ಗೊಮ್ಮಟನನ್ನ ನಿಲ್ಲಿಸಿದ ಚಾವುಂಡರಾಯ ಅಲ್ಲ, ಸುಮಾರು 1025ರಲ್ಲಿ ‘ಲೋಕೋಪಕಾರ’ ಅನ್ನೋ ಗ್ರಂಥ ಬರೆದ. ಹೆಸರಿನಲ್ಲೇ ಓದುಗ ಇದ್ದಾನೆ, ನೋಡಿ. ಲೋಕಕ್ಕೆ ಉಪಕಾರ ಆಗಲಿ ಅಂತ. ಅದರೊಳಗೆ ಏನಿದೆ ಅಂದ್ರೆ: ಬಾವಿ ತೋಡುವ ಮೊದಲು ನೀರು ಎಲ್ಲಿದೆ ಅಂತ ಗುರುತಿಸೋದು ಹೇಗೆ, ಗಿಡಕ್ಕೆ ರೋಗ ಬಂದರೆ ಏನು ಮಾಡಬೇಕು, ದನಕ್ಕೆ ಕಾಯಿಲೆ ಬಂದರೆ ಏನು ಔಷಧಿ, ಮನೆ ಹೇಗೆ ಕಟ್ಟಬೇಕು, ಅಡುಗೆ ಹೇಗೆ, ವಿಷ ಏರಿದರೆ ಏನು. ಇವತ್ತಿನ ಕಣ್ಣಿಗೆ ಅದರಲ್ಲಿ ಕೆಲವು ಸರಿ, ಕೆಲವು ನಂಬಿಕೆ. ಆದರೆ ಮನೆ ಹೊಲ ನೋಡಿಕೊಳ್ಳುವವನಿಗೆ ಬರುವ ಕಷ್ಟಗಳ ಪಟ್ಟಿ ಹಿಡಿದೇ ಗ್ರಂಥ ನಡೀತದೆ. ಆ ಹುಡುಗಿಯ ನೋಟ್‌ಬುಕ್ಕಿನ ಅಕ್ಕ ಅನ್ನಬಹುದು. ಅಂದಹಾಗೆ, ಈ ಪುಸ್ತಕದ ಇಂಗ್ಲಿಷ್ ಅನುವಾದ 2006ರಲ್ಲಿ ಪ್ರಕಟವಾಗಿದ್ದು ನಮ್ಮ ಸಿಕಂದರಾಬಾದಿನಿಂದಲೇ, ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ಕಡೆಯಿಂದ. ನಾನು ಅಮೀರ್‌ಪೇಟ್‌ಗೆ ಬಂದ ಅದೇ ವರ್ಷ. ನನಗೆ ಗೊತ್ತಾಗಿದ್ದು ಮಾತ್ರ ಎಷ್ಟೋ ವರ್ಷದ ಮೇಲೆ.

ನೀಲಿ ಲೈನಿನ ಆ ತುದಿ

ಈಗ ಎರಡನೇ ಕಥೆ. ಇದಕ್ಕೆ ಅಮೀರ್‌ಪೇಟ್ ಮೆಟ್ರೊ ಸ್ಟೇಷನ್ನಿಗೆ ಬನ್ನಿ. 2017ರ ನವೆಂಬರಿನಲ್ಲಿ ಶುರುವಾದ ಈ ಸ್ಟೇಷನ್ನಿನಲ್ಲಿ ಕೆಂಪು ಲೈನು, ನೀಲಿ ಲೈನು ಎರಡೂ ಕೂಡ್ತವೆ. ನೀಲಿ ಲೈನಿನಲ್ಲಿ ನಾಗೋಲ್ ಕಡೆ ಹೋಗೋ ರೈಲು ಹತ್ತಿ ತಾರ್ನಾಕದಲ್ಲಿ ಇಳಿದರೆ ಉಸ್ಮಾನಿಯಾ ವಿಶ್ವವಿದ್ಯಾಲಯ ಹತ್ತಿರ. 1939ರಲ್ಲಿ ತೆರೆದ ಅದರ ಆರ್ಟ್ಸ್ ಕಾಲೇಜ್ ಕಟ್ಟಡದ ಮುಂದೆ ನಮ್ಮಲ್ಲಿ ಬಹಳ ಜನ ಫೋಟೊ ತೆಗೆಸಿಕೊಂಡಿದ್ದೀವಿ.

ಆ ವಿಶ್ವವಿದ್ಯಾಲಯ ಹುಟ್ಟಿದ್ದು 1918ರಲ್ಲಿ. ಅದಕ್ಕಿಂತ ಒಂದು ವರ್ಷ ಮೊದಲೇ, 1917ರಲ್ಲಿ, ಅದಕ್ಕೆ ಬೇಕಾದ ಪುಸ್ತಕ ತಯಾರು ಮಾಡೋಕೆ ದಾರುಲ್ ತರ್ಜುಮಾ, ಅಂದರೆ ಅನುವಾದ ಕಚೇರಿ, ಶುರುವಾಯ್ತು. ಅದರ ಮೊದಲ ಮುಖ್ಯಸ್ಥರು ಮೌಲ್ವಿ ಅಬ್ದುಲ್ ಹಕ್. ಇದರ ಹಿಂದಿನ ಯೋಚನೆ ನಿಜಾಮ್ ಸರ್ಕಾರದ ಅಧಿಕಾರಿ ಅಕ್ಬರ್ ಹೈದರಿ ಅವರ ಟಿಪ್ಪಣಿಯಲ್ಲಿತ್ತು: ಪರಭಾಷೆಯಲ್ಲಿ ಓದಿಸಿದರೆ ಹುಡುಗರ ಶಕ್ತಿಯೆಲ್ಲ ಭಾಷೆಗೇ ಹೋಗ್ತದೆ, ವಿಷಯಕ್ಕೆ ಉಳಿಯೋದಿಲ್ಲ. ಆದ್ದರಿಂದ ಇಂಗ್ಲಿಷನ್ನ ಒಂದು ಕಡ್ಡಾಯ ವಿಷಯವಾಗಿ ಇಟ್ಟುಕೊಂಡು ಮಿಕ್ಕದ್ದನ್ನೆಲ್ಲ ಉರ್ದುವಿನಲ್ಲಿ ಕಲಿಸಬೇಕು. ಭಾರತದ ಉಳಿದ ವಿಶ್ವವಿದ್ಯಾಲಯಗಳು ಇಂಗ್ಲಿಷೇ ಗತಿ ಅಂತಿದ್ದ ಕಾಲದಲ್ಲಿ ಇದು ಭಾರಿ ಧೈರ್ಯ. ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸಿದರು. 1929ರಲ್ಲಿ ಬಂದ ಎಂಜಿನಿಯರಿಂಗ್ ಕಾಲೇಜಿನಲ್ಲೂ ಹಾಗೇ.

ಕೆಲಸ ಮಾಡಿದ ರೀತಿ ನೋಡಿದರೆ ಇವತ್ತಿನ ಡಾಕ್ಯುಮೆಂಟೇಶನ್ ಟೀಮೇ ನೆನಪಾಗ್ತದೆ. ವಿಷಯಕ್ಕೊಬ್ಬ ಅನುವಾದಕ. ಪಾರಿಭಾಷಿಕ ಪದ ಕಟ್ಟೋಕೆ ಸಮಿತಿಗಳು, ಅದರಲ್ಲಿ ವಿಷಯ ಬಲ್ಲವರೂ ಭಾಷೆ ಬಲ್ಲವರೂ ಒಟ್ಟಿಗೆ ಕೂರಬೇಕು. ಅನುವಾದ ಮುಗಿದ ಮೇಲೆ ಭಾಷೆ ನೋಡೋಕೆ ಸಾಹಿತ್ಯದ ಪರಿಶೀಲಕ, ಧರ್ಮಕ್ಕೆ ಬಾಧೆ ಬರದ ಹಾಗೆ ನೋಡೋಕೆ ಧಾರ್ಮಿಕ ಪರಿಶೀಲಕ. ಕವಿ ಜೋಶ್ ಮಲೀಹಾಬಾದಿ ಕೂಡ ಅಲ್ಲಿ ಕೆಲಸ ಮಾಡಿದವರು. ಪದ ಹೇಗೆ ಕಟ್ಟಬೇಕು ಅನ್ನೋದರ ಮೇಲೇ ವಹೀದುದ್ದೀನ್ ಸಲೀಂ 1921ರಲ್ಲಿ ಒಂದು ಪುಸ್ತಕ ತಂದರು. ಅರಬ್ಬಿ ಬೇರಿನಿಂದ ಕಟ್ಟಬೇಕಾ, ಜನ ಆಡುವ ಮಾತಿನಿಂದ ಕಟ್ಟಬೇಕಾ ಅಂತ ದೊಡ್ಡ ವಾದ ನಡೀತು. ನೂರಾರು ಪುಸ್ತಕ ಹೊರಬಂದವು. ಶ್ರಮದಲ್ಲಿ, ಶ್ರದ್ಧೆಯಲ್ಲಿ ಬೆರಳು ತೋರಿಸೋಕೆ ಜಾಗ ಇಲ್ಲ.

ಹಾಗಾದರೆ ತೊಡಕು ಎಲ್ಲಿ? ಓದುಗರಲ್ಲಿ. ಹೈದರಾಬಾದ್ ಸಂಸ್ಥಾನದ ಜನರಲ್ಲಿ ಅರ್ಧಕ್ಕರ್ಧ ತೆಲುಗರು, ಕಾಲು ಭಾಗ ಮರಾಠಿಗರು. ಬೀದರ್, ಕಲಬುರಗಿ, ರಾಯಚೂರು ಸೇರಿ ಕನ್ನಡಿಗರು ನೂರಕ್ಕೆ ಹನ್ನೊಂದು ಹನ್ನೆರಡು. ಉರ್ದು ಮನೆಮಾತಾಗಿದ್ದವರೂ ಹೆಚ್ಚು ಕಡಿಮೆ ಅಷ್ಟೇ. ಅಕ್ಬರ್ ಹೈದರಿ ಹೇಳಿದ ಪರಭಾಷೆಯ ಭಾರ ಅನ್ನೋ ಮಾತು ಸರಿಯೇ. ಆದರೆ ಬಹುಪಾಲು ಮಕ್ಕಳಿಗೆ ಆ ಭಾರ ಇಳೀಲೇ ಇಲ್ಲ, ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬಂತು ಅಷ್ಟೆ.

ನ್ಯಾಯವಾಗಿ ಹೇಳಬೇಕು ಅಂದ್ರೆ, ಅವರು ಓದುಗರ ಬಗ್ಗೆ ಯೋಚಿಸಲೇ ಇಲ್ಲ ಅಂತಲ್ಲ. ಸಂಸ್ಥಾನದ ಆಡಳಿತ, ಕೋರ್ಟು, ಕಚೇರಿ ಎಲ್ಲ ಉರ್ದುವಿನಲ್ಲಿದ್ದವು. ಓದಿ ನೌಕರಿಗೆ ಹೋಗುವವನಿಗೆ ಉರ್ದು ಬೇಕೇ ಬೇಕು. ಕಲಿತವರು ಚೆನ್ನಾಗಿ ಕಲಿತರು ಕೂಡ. ಇದೇ 1918ರಲ್ಲಿ ಯಲಬುರ್ಗಾ ಕಡೆಯ ದ್ಯಾಂಪುರದಲ್ಲಿ ಹುಟ್ಟಿದ ಕವಿ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ ಆಡಳಿತ ಸೇವೆಗೆ ಹೋದವರು, ಜೊತೆಗೆ ಕನ್ನಡದಲ್ಲಿ ಕಾವ್ಯಾನಂದರಾಗಿ ಬರೆದವರು. ಆದರೆ ಇಂಥವರು ದಾಟಿ ಬಂದವರು. ದಾಟದೆ ಈಚೆ ದಡದಲ್ಲೇ ಉಳಿದವರು ಎಷ್ಟು ಜನ ಅನ್ನೋದು ಯಾವ ಪುಸ್ತಕದಲ್ಲೂ ಬರೋದಿಲ್ಲ. ದಾಖಲೆ ಅರ್ಥವಾಗದೆ ಎದ್ದು ಹೋದವನ ಹೆಸರು ದಾಖಲೆಯಲ್ಲಿ ಇರೋದಿಲ್ಲ.

ನಮ್ಮ ಅಜ್ಜ ಅಂಥ ದಡದವರು. ಊರಲ್ಲಿ ನಾಲ್ಕನೇ ಇಯತ್ತೆವರೆಗೆ ಕನ್ನಡ, ಮುಂದೆ ಪಟ್ಟಣದ ಶಾಲೆಯಲ್ಲಿ ಉರ್ದು. ರೇಖಾಗಣಿತ ಬಾಯಿಪಾಠ ಮಾಡಿದ್ದರು. ತ್ರಿಕೋಣಕ್ಕೆ ಉರ್ದುವಿನಲ್ಲಿ ಮುಸಲ್ಲಸ್ ಅಂತಾರೆ. ಎಂಬತ್ತರ ವಯಸ್ಸಿನಲ್ಲೂ ಅಜ್ಜ ಆ ಪಾಠಗಳನ್ನ ಗಡಗಡ ಹೇಳ್ತಿದ್ದರು. ಆದರೆ ಹೈಸ್ಕೂಲಿನಲ್ಲಿದ್ದ ನಾನು ಪೈಥಾಗೊರಸ್ ಪ್ರಮೇಯ ಹಿಡಿದು ಹೋದರೆ ಹೇಳಿಕೊಡೋಕೆ ಆಗ್ತಿರಲಿಲ್ಲ. ಗೊತ್ತದೆ ಮಗಾ, ಆದ್ರ ಅದು ಈ ಕಡೀ ಬರೋದಿಲ್ಲ ಅಂತಿದ್ದರು. ಈ ಕಡೆ ಅಂದರೆ ಕನ್ನಡಕ್ಕೆ. ತಲೆಯೊಳಗೆ ಇದ್ದ ಗಣಿತ ಮನೆಯೊಳಗೆ ಬರಲಿಲ್ಲ. ಮೆಟ್ರಿಕ್ ಪಾಸಾಗಲಿಲ್ಲ, ಹೊಲಕ್ಕೆ ವಾಪಸ್ ಬಂದರು.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಯ್ತು, ಸಂಸ್ಥಾನ ಭಾರತಕ್ಕೆ ಸೇರಿತು. ಅದಾದ ಮೇಲೆ ಉಸ್ಮಾನಿಯಾದ ಮಾಧ್ಯಮ ಇಂಗ್ಲಿಷಿಗೆ ತಿರುಗಿತು. ಮೂವತ್ತು ವರ್ಷದ ದುಡಿಮೆಯ ಪುಸ್ತಕಗಳು ಕಪಾಟಿನಲ್ಲೇ ಉಳಿದವು. ಆ ಪುಸ್ತಕಗಳನ್ನ ಹಿಡಿದು ನಿಲ್ಲಿಸಿದ್ದು ಸರ್ಕಾರದ ಒಪ್ಪಿಗೆ. ಸರ್ಕಾರ ಹೋದಾಗ ಒಪ್ಪಿಗೆಯೂ ಹೋಯ್ತು. ಊರೂರಿನ ಓದುಗರು ತಮ್ಮದು ಅಂತ ಹಿಡಿದುಕೊಂಡಿದ್ದರೆ ಅಷ್ಟು ಬೇಗ ಧೂಳು ಕೂರ್ತಿರಲಿಲ್ಲ.

ಒಂದು ತಮಾಷೆ ನೋಡಿ. ಸಮಿತಿ ಕಟ್ಟಿದ ಮುಸಲ್ಲಸ್‌ನಂಥ ಪದಗಳು ನಮ್ಮ ಮನೆಗೆ ಬರಲಿಲ್ಲ. ಆದರೆ ಅರ್ಜಿ, ವಸೂಲಿ, ಜಮಾ, ತಹಸೀಲ್ದಾರ, ಖರೀದಿ ಇವೆಲ್ಲ ಬಂದು ಕನ್ನಡವೇ ಆಗಿಬಿಟ್ಟವು. ನಾನು ಇಷ್ಟು ಹೊತ್ತಿನಿಂದ ಹೇಳ್ತಿರೋ ದಾಖಲೆ ಅನ್ನೋ ಪದವೇ ಅರಬ್ಬಿಯಿಂದ ಆ ದಾರಿಯಲ್ಲಿ ಬಂದದ್ದು. ಇವನ್ನ ಯಾವ ಸಮಿತಿಯೂ ಕನ್ನಡಿಗರಿಗೆ ಕೊಡಲಿಲ್ಲ. ಜನ ಕಚೇರಿಯ ಕಟ್ಟೆಗೆ ಹೋದರು, ಕೆಲಸ ಆಗಬೇಕಿತ್ತು, ಪದ ಎತ್ತಿಕೊಂಡು ಬಂದರು. ನಮ್ಮ ಗೈಡುಗಳಲ್ಲಿ ಬ್ಯಾಕಪ್ ಅಂತ ಬರೀಬೇಕಾ, ಕನ್ನಡ ಪದ ಹುಟ್ಟಿಸಬೇಕಾ ಅಂತ ಜಗಳ ಆಗ್ತದಲ್ಲ, ಅದಕ್ಕೆ ಉತ್ತರ ಇಲ್ಲೇ ಇದೆ. ಕೌಂಟರಿನಲ್ಲಿ ಕೂತವರು ಅದನ್ನ ಈಗ ಏನಂತ ಕರೀತಾರೆ? ಮೊದಲು ಅದನ್ನ ಕೇಳಿಕೊಂಡು ಬನ್ನಿ.

ಹೊರಗಿನವರು ಹೇಗೆ ಕಲಿತರು

ಇದು ನಮ್ಮದಷ್ಟೇ ರೋಗ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೂ ಇದೇ ಪೆಟ್ಟು ಬಿತ್ತು. ಲಾರಿ, ಟ್ಯಾಂಕುಗಳಿಗೆ ದಪ್ಪ ದಪ್ಪ ಮ್ಯಾನ್ಯುಯಲ್ ಇದ್ದವು, ನೋಡಿಕೊಳ್ಳಬೇಕಾದ ಹುಡುಗರು ಓದ್ತಿರಲಿಲ್ಲ. ವಿಲ್ ಐಸ್ನರ್ ಅನ್ನೋ ಕಾಮಿಕ್ಸ್ ಕಲಾವಿದ 1942ರಲ್ಲಿ ಸೈನ್ಯಕ್ಕೆ ಸೇರಿದ. ಜೋ ಡೋಪ್ ಅನ್ನೋ ಪೆದ್ದ ಸೈನಿಕನ ಚಿತ್ರ ಬರೆದು, ಎಣ್ಣೆ ನೋಡದೆ ಗಾಡಿ ಓಡಿಸಿದರೆ ಏನಾಗ್ತದೆ ಅಂತ ತೋರಿಸಿದ. 1951ರಿಂದ ಅದೇ ಬಗೆಯಲ್ಲಿ ‘ಪಿಎಸ್’ ಅನ್ನೋ ಮಾಸಪತ್ರಿಕೆ ಬಂತು. ಪಿಎಸ್ ಅಂದರೆ ನಮ್ಮ ಕಾಗದಗಳ ತಾಜಾ ಕಲಂ. ಮ್ಯಾನ್ಯುಯಲ್ ಹೇಳದೆ ಬಿಟ್ಟದ್ದಕ್ಕೆ ತಾಜಾ ಕಲಂ ಅಂತ.

1976ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಮೇಥ್ಸ್ ಮತ್ತು ಸ್ಟೀವನ್ಸನ್ ತಾಂತ್ರಿಕ ವರದಿ ಬರೆಯೋದರ ಬಗ್ಗೆ ಪುಸ್ತಕ ತಂದರು. ಓದುಗರನ್ನ ಮೂರು ಪಾಲು ಮಾಡಿದರು. ಓದಿ ನಿರ್ಧಾರ ತೆಗೆದುಕೊಂಡು ಕೆಲಸ ಮಾಡುವವರು, ಆ ನಿರ್ಧಾರದ ಪರಿಣಾಮ ತಟ್ಟುವವರು, ಮತ್ತು ಕಾಗದ ಮೊದಲು ಕೈಗೆ ಬಂದು ಮುಂದೆ ದಾಟಿಸುವವರು. ಈ ಮೂರನೆಯವರೇ ನಮ್ಮ ರಿವ್ಯೂವರುಗಳು. ಬರೆಯುವವನಿಗೆ ಎಲ್ಲರಿಗಿಂತ ಹತ್ತಿರ ಇರೋದು, ಎಲ್ಲರಿಗಿಂತ ದೊಡ್ಡದಾಗಿ ಕಾಣೋದು ಇವರೇ. ನನ್ನ ತೊಂಬತ್ತಾರು ಪುಟದ ರೋಗಕ್ಕೆ ಇದಕ್ಕಿಂತ ಸರಿಯಾದ ಹೆಸರು ನನಗೆ ಸಿಕ್ಕಿಲ್ಲ.

1980ರ ದಶಕದಲ್ಲಿ ಐಬಿಎಂನ ಜಾನ್ ಕ್ಯಾರಲ್ ಮತ್ತವರ ಜೊತೆಗಾರರು ಇನ್ನೂ ಸರಳ ಕೆಲಸ ಮಾಡಿದರು. ವರ್ಡ್ ಪ್ರೊಸೆಸರ್ ಕಲಿಯುತ್ತಿದ್ದ ಆಫೀಸು ಕೆಲಸದವರ ಪಕ್ಕದಲ್ಲಿ ಕೂತು ಸುಮ್ಮನೆ ನೋಡಿದರು. ಯಾರೂ ಮೊದಲ ಪುಟದಿಂದ ಓದ್ತಿರಲಿಲ್ಲ. ಕೈ ಹಾಕೋದು, ತಪ್ಪು ಮಾಡೋದು, ಆಮೇಲೆ ಪುಸ್ತಕ ಹುಡುಕೋದು. ಅದಕ್ಕೆ ತೆಳುವಾದ ಕೈಪಿಡಿ ಮಾಡಿದರು. ಅದರಲ್ಲಿ ಪೀಠಿಕೆ ಕಡಿಮೆ, ನಿಜವಾದ ಕೆಲಸ ಮುಂದೆ, ತಪ್ಪಿದರೆ ವಾಪಸ್ ಬರುವ ದಾರಿ ಅಲ್ಲಲ್ಲೇ. ಕಲಿಯುವವರು ಬೇಗ ಕಲಿತರು. ಈ ಕೆಲಸದ ಮೇಲಿನ ಕ್ಯಾರಲ್ ಪುಸ್ತಕ 1990ರಲ್ಲಿ ಬಂತು. ಲೈಟ್ ಹೋದರೆ ಅಂತ ಶೀರ್ಷಿಕೆ ಕೊಟ್ಟ ಹುಡುಗಿ ಇದನ್ನ ಯಾವ ಪುಸ್ತಕವೂ ಓದದೆ ಮಾಡಿದ್ದಳು, ಯಾಕಂದ್ರೆ ಓದುಗಳು ಅವಳೇ.

ಮತ್ತೆ ಅಮೀರ್‌ಪೇಟ್

ಹಾಗಾದರೆ ಅಮೀರ್‌ಪೇಟೇ ಆದರ್ಶವಾ? ಹಾಗೂ ಅನ್ನೋಕಾಗೋದಿಲ್ಲ. ಅಲ್ಲಿಯ ಜೆರಾಕ್ಸ್ ನೋಟ್ಸು ನಾನು ಇನ್ನೂ ಇಟ್ಟುಕೊಂಡಿದ್ದೀನಿ. ಕೈಬರಹ, ಸರ್ ಮಾತಿನ ಧಾಟಿಯಲ್ಲೇ ಇದೆ, ಮೆಕ್ಯಾನಿಕಲ್ ಹುಡುಗನಿಗೂ ಎಂಸಿಎ ಹುಡುಗನಿಗೂ ತಿಳಿಯೋ ಹಾಗಿದೆ. ಆದರೆ ಈಗ ತೆಗೆದು ನೋಡಿದರೆ ಪುಟ ಪುಟಕ್ಕೂ ಒಂದು ಚೌಕ, ಅದರೊಳಗೆ ಇಂಟರ್‌ವ್ಯೂನಲ್ಲಿ ಕೇಳುವ ಪ್ರಶ್ನೆ. ಅಲ್ಲಿ ಸಹಿ ಹಾಕುವ ಮ್ಯಾನೇಜರ್ ಇರಲಿಲ್ಲ ನಿಜ, ಆದರೆ ಕಾಣದ ಒಬ್ಬ ಒಪ್ಪುವವನು ಇದ್ದೇ ಇದ್ದ. ಇಂಟರ್‌ವ್ಯೂ ಮಾಡುವವನು. ನೋಟ್ಸು ನಮಗೆ ತಿಳಿಯೋ ಹಾಗೆ ಬರೆದದ್ದು, ಅವನು ಒಪ್ಪೋ ಹಾಗೆ ಆಯ್ದದ್ದು. ಕೆಲಸ ಸಿಕ್ಕ ಮೇಲೆ ಮೊದಲ ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಅನ್ನೋದು ಅದರಲ್ಲಿ ಇರಲಿಲ್ಲ. ನಾನು ಆ ಹುಡುಗಿಗೆ ಮಾಡಿದ್ದು ಬಹುಶಃ ಅಲ್ಲಿಂದಲೇ ಕಲಿತದ್ದು: ಪಾಸಾಗೋ ಹಾಗೆ ಬರೆಯೋದು.

ಆದರೂ ಅಮೀರ್‌ಪೇಟ್‌ನ ಒಂದು ಪದ್ಧತಿ ಮಾತ್ರ ಎತ್ತಿಕೊಳ್ಳೋ ಹಾಗಿದೆ. ಡೆಮೊ ಕ್ಲಾಸಿನ ಆ ಮೊದಲ ಹತ್ತು ನಿಮಿಷ. ಬರೆಯುವ ಮೊದಲು ಕೇಳೋದು, ಮೊದಲ ಎರಡು ಪುಟ ಬರೆದು ಕೊಟ್ಟು ನೋಡೋದು, ಹಿಡಿಸದಿದ್ದರೆ ಎದ್ದು ಹೋಗೋ ಸ್ವಾತಂತ್ರ್ಯ ಓದುಗನಿಗೆ ಬಿಡೋದು. ನಾನು ಈಗ ಯಾವ ಡಾಕ್ಯುಮೆಂಟ್ ಶುರು ಮಾಡಿದರೂ ಒಂದು ಹಾಳೆ ಮೇಲೆ ಐದು ಪ್ರಶ್ನೆ ಬರೆದುಕೊಳ್ತೀನಿ. ಬೇಕಾದವರು ಬರೆದುಕೊಳ್ಳಿ.

ಒಂದು, ಈ ಪುಟ ತೆರೆಯುವಾಗ ಓದುಗ ಎಲ್ಲಿ ಕೂತಿದ್ದಾನೆ, ಅವನ ಹಿಂದೆ ಯಾರು ಕಾಯ್ತಿದ್ದಾರೆ?

ಎರಡು, ಇದನ್ನ ಓದಿ ಅವನು ಏನು ಮಾಡಬೇಕು? ತಿಳಿದುಕೊಳ್ಳಬೇಕು ಅನ್ನೋದು ಉತ್ತರ ಅಲ್ಲ, ಕೈ ಏನು ಮಾಡಬೇಕು?

ಮೂರು, ಅವನ ಬಾಯಲ್ಲಿ ಆಗಲೇ ಇರುವ ಪದ ಯಾವುದು?

ನಾಲ್ಕು, ನಾನು ಬರೆದದ್ದು ತಪ್ಪಾಗಿ ಅರ್ಥ ಆದರೆ ನಷ್ಟ ಯಾರಿಗೆ, ಎಷ್ಟು? ಆ ಎಚ್ಚರಿಕೆ ಹೆಜ್ಜೆಗಿಂತ ಮೊದಲು ಇದೆಯಾ, ಮುಂದಿನ ಪುಟಕ್ಕೆ ಹೋಗಿದೆಯಾ?

ಐದು, ಇದನ್ನ ಒಪ್ಪುವವರು ಯಾರು? ಅವರಲ್ಲಿ ಒಬ್ಬರಾದರೂ ಇದನ್ನ ಬಳಸುವವರಾ?

ಐದನೆಯದಕ್ಕೆ ಇಲ್ಲ ಅನ್ನೋ ಉತ್ತರ ಬಂದರೆ ರಿವ್ಯೂ ಪಟ್ಟಿಗೆ ಬಳಸುವವರೊಬ್ಬರ ಹೆಸರು ಸೇರಿಸಿ. ಮ್ಯಾನೇಜರ್ ಹುಬ್ಬೇರಿಸ್ತಾರೆ. ಏರಿಸಲಿ. ನಾನು ಎರಡು ಸಲ ಹುಬ್ಬು ನೋಡಿದ್ದೀನಿ, ಮೂರನೇ ಸಲದಿಂದ ಅದು ಅವರದೇ ಐಡಿಯಾ ಆಯ್ತು.

ಆ ಆಸ್ಪತ್ರೆಯ ಗೈಡನ್ನ ಆಮೇಲೆ ಮತ್ತೆ ಬರೆದೆ. ಕನ್ನಡದಲ್ಲಿ, ಹದಿನಾಲ್ಕು ಪುಟ. ಮೊದಲ ಶೀರ್ಷಿಕೆ ‘ಲೈಟ್ ಹೋದರೆ’. ಶೀರ್ಷಿಕೆಗಳೆಲ್ಲ ಅವಳ ನೋಟ್‌ಬುಕ್ಕಿನವು, ಅವಳನ್ನ ಕೇಳಿಯೇ ತೆಗೆದುಕೊಂಡೆ. ಪ್ರಿಂಟ್ ತೆಗೆದುಕೊಂಡು ಹೋಗಿ ಕೊಟ್ಟಾಗ ಅವಳು ನಿಂತಲ್ಲೇ ಪುಟ ತಿರುವಿದಳು. ಒಂಬತ್ತನೇ ಪುಟದಲ್ಲಿ ನಿಂತು, ಇಲ್ಲಿ ತಪ್ಪಾಗೇದ ಸರ್, ನಾವು ಎಫ್ ಫೋರ್ ಒತ್ತೋದಿಲ್ಲ ಅಂದಳು. ಪೆನ್ನು ಕೊಟ್ಟೆ, ಅವಳೇ ತಿದ್ದಿದಳು.

ಅವಳ ಸಂಬಳದಲ್ಲಿ ಹಿಡಿದ ಹಣ ವಾಪಸ್ ಕೊಡಿಸೋಕೆ ಮಾತ್ರ ನನ್ನಿಂದ ಆಗಲಿಲ್ಲ.

ಈ ವಾರ ನೀವು ಏನಾದರೂ ಬರೆಯೋರಿದ್ದರೆ, ಬರೆಯೋಕೆ ಮೊದಲು ಓದುವವರಲ್ಲಿ ಒಬ್ಬರನ್ನಾದರೂ ಹೋಗಿ ನೋಡಿ. ಆಗದಿದ್ದರೆ ಒಂದು ಫೋನಾದರೂ ಮಾಡಿ. ಮುಂದಿನ ವಾರ ಇನ್ನೊಂದು ಮಾತಿನ ಜೊತೆ ಸಿಗೋಣ.